ಗಾಳಿಯಿಂದ ತಣಿಯುವ ಟ್ರಾಕ್ಟರ್ ಯಂತ್ರದ ಥ್ರಸ್ಟ್ ಬೇರಿಂಗು ಮತ್ತು ಅದರ ಕೀಲೆಣ್ಣೆ

ತುಂಗಭದ್ರೆಯ ಬಲದಂಡೆಯಲ್ಲಿರುವ ಕಂಪ್ಲಿಯ ಸೀಮೆಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಲಿವೆ. ಇಲ್ಲಿ ಬತ್ತದ ಬೇಸಾಯಕ್ಕೆ ನೀರಿನಷ್ಟೇ ಮುಖ್ಯವಾದುದು ಕಾಲ. ಸಸಿಗೆ ವಯಸ್ಸು ತುಂಬಿದ ದಿನವೇ ಗದ್ದೆಯೂ ರೊಜ್ಜಾಗಿ ಸಿದ್ಧವಿರಬೇಕು. ಆ ವಾರದಲ್ಲಿ ಟ್ರಾಕ್ಟರು ಕೆಟ್ಟು ನಿಂತರೆ ನಷ್ಟವು ಯಂತ್ರಕ್ಕೆ ಮಾತ್ರವಲ್ಲ, ಪೈರಿಗೂ ತಟ್ಟುತ್ತದೆ. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಯಂತ್ರದ ಒಂದು ಸಣ್ಣ ಅಂಗದ ವಿಚಾರವನ್ನು ತಿಳಿದಿರುವುದು ಲೇಸು.

ಕಡಾಣಿಯ ಕೆಲಸ

ಬಂಡಿಯ ಚಕ್ರವು ಅಚ್ಚಿನ ಮೇಲೆ ತಿರುಗುತ್ತದೆ. ಅದು ಪಕ್ಕಕ್ಕೆ ಜಾರಿ ಬೀಳದಂತೆ ತಡೆಯುವುದು ಕಡಾಣಿ. ಇಂಜಿನಿನಲ್ಲಿ ಕ್ರಾಂಕ್‌ಶಾಫ್ಟೆಂಬ ದಂಡವನ್ನು ಮೇನ್ ಬೇರಿಂಗುಗಳು ಹೊರುತ್ತವೆ. ಅದು ಹಿಂದುಮುಂದಕ್ಕೆ ಸರಿಯದಂತೆ ತಡೆಯುವುದು ಥ್ರಸ್ಟ್ ಬೇರಿಂಗು. ಮೇನ್ ಬೇರಿಂಗಿನ ದುಂಡು ಸಂದಿನಲ್ಲಿ ತಿರುಗುವ ದಂಡವು ಎಣ್ಣೆಯನ್ನು ತಾನೇ ಆಪಿನಂತೆ ಒಳಕ್ಕೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. 1883ರಲ್ಲಿ ಬೊಶಾಂ ಟವರ್ ಎಂಬಾತನು ಪ್ರಯೋಗದಿಂದ ಇದನ್ನು ಕಂಡನು; 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸನು ಗಣಿತದಿಂದ ವಿವರಿಸಿದನು. ಆದರೆ ಥ್ರಸ್ಟ್ ಬೇರಿಂಗಿನ ಎರಡು ಮುಖಗಳೂ ಚಪ್ಪಟೆ. ಚಪ್ಪಟೆ ಮುಖಗಳ ನಡುವೆ ಎಣ್ಣೆಯ ಆಪು ಸುಲಭವಾಗಿ ಕಟ್ಟಿಕೊಳ್ಳದು. ಅದಕ್ಕೆಂದೇ ಮುಖದಲ್ಲಿ ಕಾಲುವೆಗಳಂತೆ ಗೀರುಗಳನ್ನು ಕೊರೆದಿರುತ್ತಾರೆ; ಕೆಲವು ಬೇರಿಂಗುಗಳಲ್ಲಿ ಗೀರಿನ ಅಂಚಿಗೆ ಅತಿ ಸಣ್ಣ ಇಳಿಜಾರನ್ನೂ ಕೊಟ್ಟಿರುತ್ತಾರೆ. ಪಕ್ಕದ ಮೇನ್ ಬೇರಿಂಗಿನಿಂದ ಸೋರಿಬರುವ ಎಣ್ಣೆಯೇ ಇವುಗಳಿಗೆ ಸಾಮಾನ್ಯವಾಗಿ ಆಧಾರ.

ಗಾಳಿಯ ಯಂತ್ರದ ವಿಶೇಷ

1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಟ್ರಾಕ್ಟರು ತಯಾರಾದಂದಿನಿಂದ ಗಾಳಿಯಿಂದ ತಣಿಯುವ ಇಂಜಿನು ನಮ್ಮ ದೇಶದ ಒಕ್ಕಲಿಗರಿಗೆ ಪರಿಚಿತವಾಗಿದೆ. ರೇಡಿಯೇಟರಿನ ಗೊಡವೆಯಿಲ್ಲದಿರುವುದು ಇದರ ಗುಣ. ಆದರೆ ನೀರಿಲ್ಲದ ಕಾರಣ ನೀರಿನಿಂದ ತಣಿಯುವ ಯಂತ್ರಕ್ಕಿಂತ ಹೆಚ್ಚು ಕಾವನ್ನು ಇಲ್ಲಿ ಎಣ್ಣೆಯು ಹೊರಬೇಕಾಗುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಎಣ್ಣೆಯು ತೆಳುವಾಗುತ್ತದೆ. ಸಿಲಿಂಡರಿನ ರೆಕ್ಕೆಗಳ ನಡುವೆ ಧೂಳು ಹೊಟ್ಟು ತುಂಬಿದ್ದರಂತೂ ಎಣ್ಣೆಯ ಪೊರೆಯು ಒತ್ತಡವನ್ನು ತಡೆಯದೆ ಹರಿದು, ಲೋಹಕ್ಕೆ ಲೋಹ ತಾಗುತ್ತದೆ.

ಕಂಡ ಒಂದು ನಿದರ್ಶನ

ಕೆಲವು ವರ್ಷಗಳ ಹಿಂದೆ ಕಂಪ್ಲಿಗೆ ಸಮೀಪದ ಒಂದು ಗ್ರಾಮದಲ್ಲಿ ನಾಟಿಯ ಮಧ್ಯದಲ್ಲಿ ಟ್ರಾಕ್ಟರೊಂದು ನಿಂತುಹೋಯಿತು. ಅದೇ ಬೇಸಿಗೆಯಲ್ಲಿ ಅದರ ಇಂಜಿನನ್ನು ಬಿಚ್ಚಿ ದುರಸ್ತಿ ಮಾಡಿಸಿದ್ದರು. ಮತ್ತೆ ಬಿಚ್ಚಿಸಿ ನೋಡಲಾಗಿ, ಥ್ರಸ್ಟ್ ವಾಷರನ್ನು ತಿರುವುಮುರುವಾಗಿ ಕೂಡಿಸಿದ್ದುದು ತಿಳಿಯಿತು. ಗೀರುಗಳಿರುವ ಮುಖವು ತಿರುಗುವ ದಂಡದ ಕಡೆಗಿರಬೇಕು. ಅಲ್ಲಿ ಅದು ತಿರುಗದ ಬ್ಲಾಕಿನ ಕಡೆಗಿದ್ದಿತು. ಸಾಲದೆಂಬಂತೆ ಚಾಲಕನು ಸಣ್ಣ ಮಡಿಗಳಲ್ಲಿ ಅಡಿಗಡಿಗೆ ತಿರುಗಿಸುವಾಗ ಕ್ಲಚ್ಚಿನ ಪೆಡಲಿನ ಮೇಲಿಂದ ಕಾಲನ್ನೇ ತೆಗೆಯುತ್ತಿರಲಿಲ್ಲ. ಪೆಡಲನ್ನು ಒತ್ತಿದಷ್ಟು ಹೊತ್ತೂ ಕ್ರಾಂಕ್‌ಶಾಫ್ಟು ಮುಂದಕ್ಕೆ ತಳ್ಳಲ್ಪಟ್ಟು ಆ ಭಾರವೆಲ್ಲವೂ ಥ್ರಸ್ಟ್ ಬೇರಿಂಗಿನ ಮೇಲೆ ಬೀಳುತ್ತದೆ. ವಾಷರು ಸವೆದು ಬ್ಲಾಕಿನ ಮುಖವನ್ನೂ ತಿಂದಿದ್ದಿತು. ಬಾಡಿಗೆ ಟ್ರಾಕ್ಟರು ದೊರೆಯುವಷ್ಟರಲ್ಲಿ ಸಸಿಗೆ ವಯಸ್ಸು ಮೀರಿ ಪೈರಿನ ತೆಂಡೆ ಕುಗ್ಗಿತು.

ಮಾಡತಕ್ಕ ಕ್ರಮಗಳು

1. ಗೇರನ್ನು ನ್ಯೂಟ್ರಲಿನಲ್ಲಿಟ್ಟು ಯಂತ್ರವನ್ನು ಚಾಲೂ ಮಾಡಬೇಕು. ಕ್ಲಚ್ಚು ಒತ್ತಿಯೇ ಚಾಲೂ ಆಗುವ ಯಂತ್ರವಾದರೆ, ಚಾಲೂ ಆದೊಡನೆ ಪೆಡಲನ್ನು ಬಿಡಬೇಕು. ಉಳುವಾಗ ಪೆಡಲಿನ ಮೇಲೆ ಕಾಲಿಟ್ಟುಕೊಂಡಿರಕೂಡದು. ಪೆಡಲಿಗೆ ಕೈಪಿಡಿಯು ಹೇಳಿದಷ್ಟು ಸಡಿಲವಿರಬೇಕು.

2. ದಿನವೂ ಮುಂಜಾನೆ ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟವನ್ನು ನೋಡತಕ್ಕದ್ದು. ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಬೇಕು. ಎಣ್ಣೆಯನ್ನೂ ಫಿಲ್ಟರನ್ನೂ ದುಡಿದ ಗಂಟೆಗಳ ಲೆಕ್ಕದಂತೆ ಬದಲಿಸಬೇಕು.

3. ಸಿಲಿಂಡರಿನ ರೆಕ್ಕೆಗಳನ್ನೂ ಗಾಳಿಯ ದಾರಿಯನ್ನೂ ಶುಚಿಯಾಗಿಡಬೇಕು. ಫ್ಯಾನಿನ ಬೆಲ್ಟು ಸಡಿಲವಾಗಿರಬಾರದು.

4. ದುರಸ್ತಿಯ ಕಾಲದಲ್ಲಿ ಭೂಮಾಲೀಕರು ಎದುರಿಗೇ ನಿಲ್ಲುವುದು ಉತ್ತಮ. ವಾಷರಿನ ಗೀರುಗಳು ದಂಡದ ಕಡೆಗಿವೆಯೇ, ದಂಡದ ಮುಖವು ಗೀಚಿಲ್ಲದೆ ನುಣುಪಾಗಿದೆಯೇ, ಎಣ್ಣೆಯ ರಂಧ್ರಗಳು ತೆರೆದಿವೆಯೇ ಎಂದು ಕೇಳಿ ನೋಡಬೇಕು. ಬೇರಿಂಗು ಎರಡು ಹೋಳಾಗಿದ್ದರೆ, ಬೋಲ್ಟನ್ನು ಬಿಗಿಯುವ ಮುನ್ನ ದಂಡವನ್ನು ಹಿಂದುಮುಂದಕ್ಕೆ ಮೆಲ್ಲಗೆ ತಟ್ಟಿ ಎರಡು ಹೋಳುಗಳ ಮುಖಗಳನ್ನೂ ಸಮಗೊಳಿಸಬೇಕು. ಇಲ್ಲವಾದರೆ ಒಂದೇ ಹೋಳು ಭಾರವನ್ನೆಲ್ಲ ಹೊರಬೇಕಾಗುತ್ತದೆ. ಕಡೆಯಲ್ಲಿ ದಂಡದ ಹಿಂದುಮುಂದಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆದು ಬರೆದಿಡಿಸಬೇಕು. ಇದು ಮಿಲಿಮೀಟರಿನ ಹತ್ತರ ಪಾಲುಗಳ ಲೆಕ್ಕ; ಸರಿಯಾದ ಅಳತೆಗೆ ಕೈಪಿಡಿಯೇ ಪ್ರಮಾಣ.

ಮುನ್ಸೂಚನೆ

ಯಂತ್ರವನ್ನು ನಿಲ್ಲಿಸಿ, ಚಾವಿಯನ್ನು ಕಳಚಿ, ಒಬ್ಬನು ಕ್ಲಚ್ಚನ್ನು ಒತ್ತಿ ಬಿಡುತ್ತಿರಲಿ. ಮತ್ತೊಬ್ಬನು ಕ್ರಾಂಕ್‌ಶಾಫ್ಟಿನ ಮುಂದಿನ ಪುಲ್ಲಿಯನ್ನು ನೋಡಲಿ. ಪುಲ್ಲಿಯು ಕಣ್ಣಿಗೆ ಕಾಣುವಂತೆ ಹಿಂದುಮುಂದಾದರೆ ತಡಮಾಡದೆ ಗೇಜಿನಿಂದ ಅಳೆಸತಕ್ಕದ್ದು. ಕ್ಲಚ್ಚು ಒತ್ತಿದಾಗ ಬಡಿತದ ಸದ್ದು ಬದಲಾಗುವುದೂ, ತೆಗೆದ ಎಣ್ಣೆಯಲ್ಲಿ ಲೋಹದ ಮಿನುಗು ಕಾಣುವುದೂ ಇದೇ ಕೇಡಿನ ಗುರುತಾಗಿರಬಹುದು. ಈ ಹಂತದಲ್ಲಿ ಎಚ್ಚೆತ್ತರೆ ವಾಷರು ಬದಲಿಸುವುದರಲ್ಲಿಯೇ ಕೆಲಸ ಮುಗಿದೀತು. ಉಪೇಕ್ಷಿಸಿದರೆ ಕ್ರಾಂಕ್‌ಶಾಫ್ಟಿಗೂ ಬ್ಲಾಕಿಗೂ ಹಣ ತೆರಬೇಕಾಗುತ್ತದೆ.

ಬಂಡಿ ಹೂಡುವ ಮೊದಲು ನಮ್ಮ ಹಿರಿಯರು ಕೀಲೆಣ್ಣೆಯನ್ನೂ ಕಡಾಣಿಯನ್ನೂ ನೋಡದೆ ಹೊರಡುತ್ತಿರಲಿಲ್ಲ. ಗ್ರಾಮದ ಮುಖಂಡರು ಕಾಲುವೆಗೆ ನೀರು ಬಿಡುವ ಮುಂಚೆಯೇ ಊರಿನ ಟ್ರಾಕ್ಟರುಗಳ ಚಾಲಕರನ್ನು ಒಂದೆಡೆ ಕೂಡಿಸಿ ಈ ಪರೀಕ್ಷೆಯನ್ನು ಮಾಡಿಸಿದರೆ, ನಾಟಿಯ ವಾರದಲ್ಲಿ ಯಂತ್ರಕ್ಕಾಗಿ ಸಸಿಯು ಕಾದು ನಿಲ್ಲುವ ಪ್ರಸಂಗವು ಬಹುಮಟ್ಟಿಗೆ ತಪ್ಪುವುದು.