ಸೌದೆ ಸೀಳುವ ಯಂತ್ರ: ಬೆಲೆಗಿಂತ ಮೊದಲು ತಂತಿ ನೋಡಿ

ಮಂಗಳೂರಿನ ಕದ್ರಿ ಉದ್ಯಾನದಲ್ಲಿ ಜನವರಿ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಬರುವ ಕೃಷಿಕರು ಗಿಡ, ಬೀಜ ಕೊಂಡ ಮೇಲೆ ಪೇಟೆಯ ಯಂತ್ರದಂಗಡಿಗಳಿಗೂ ಒಮ್ಮೆ ಇಣುಕುವುದುಂಟು. ಬಚ್ಚಲೊಲೆಗೂ ಕುಚ್ಚಲಕ್ಕಿ ಬೇಯಿಸುವುದಕ್ಕೂ ಬೇಕಾದ ಸೌದೆ ಪತ್ತನಾಜೆಯೊಳಗೆ ಕೊಟ್ಟಿಗೆ ಸೇರಬೇಕು. ಕೊಡಲಿ ಹಿಡಿಯುವ ಆಳು ಸಿಗುವುದು ಕಷ್ಟ. ಹಾಗಾಗಿ ವಿದ್ಯುತ್ತಿನಿಂದ ಸೌದೆ ಸೀಳುವ ಯಂತ್ರದ ಮೇಲೆ ಹಲವರ ಕಣ್ಣು.

ಇದರಲ್ಲಿ ಎರಡು ಬಗೆ. ಒಂದು, ತಿರುಗುವ ತಿರುಪಿನ ಶಂಕು ಮರದೊಳಗೆ ಹೊಕ್ಕು ಸೀಳುವಂಥದು. ಕೆಲಸ ಬೇಗ; ಆದರೆ ಲುಂಗಿಯ ಅಂಚು, ಸೀರೆಯ ಸೆರಗು ಸಿಕ್ಕಿದರೆ ಆಳನ್ನೇ ಎಳೆದುಕೊಳ್ಳುತ್ತದೆ. ಇನ್ನೊಂದು, ತೈಲದ ಒತ್ತಡದಿಂದ ಕೊರಡನ್ನು ಬೆಣೆಗೆ ದೂಡುವ ಹೈಡ್ರಾಲಿಕ್ ಯಂತ್ರ. ಇದು ನಿಧಾನ. ಎರಡು ಕೈಯಿಂದಲೂ ಹಿಡಿಕೆ ಒತ್ತಿದರೆ ಮಾತ್ರ ಚಲಿಸುವ ಮಾದರಿಯಾದರೆ ಬೆರಳಿಗೆ ಅಪಾಯ ಕಡಿಮೆ. ಮನೆಬಳಕೆಗೆ ಇದೇ ಲೇಸು.

5ರಿಂದ 7 ಟನ್ ಒತ್ತಡದ ಯಂತ್ರ ಒಂದೂವರೆ ಅಡಿ ಉದ್ದ, ಎಂಟು-ಹತ್ತು ಅಂಗುಲ ದಪ್ಪದ ನೇರ ಎಳೆಯ ಕೊರಡಿಗೆ ಸಾಕು. ಗಂಟು ಮರ ಮತ್ತು ಹುಣಸೆಯ ಮಾತು ಬೇರೆ. ಮಾಂಸ ಕಡಿಯುವ ಕೊರಡಿಗೆ ಹುಣಸೆಯನ್ನು ಆರಿಸುವುದೇ ಅದು ಸುಲಭಕ್ಕೆ ಸೀಳದೆಂದು.

ಇನ್ನು ವಿದ್ಯುತ್ತು. 2 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ಗಂಟೆಗೆ ಹೆಚ್ಚೆಂದರೆ 2 ಯೂನಿಟ್ ಖರ್ಚು. ಆದರೆ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಬೇಕು. ಮನೆಯಿಂದ ಅಂಗಳಕ್ಕೆ 30 ಮೀಟರ್ ದೂರ 1 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಆ ಕ್ಷಣ 50 ವೋಲ್ಟಿನಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. 230ರಲ್ಲಿ 180 ಮಾತ್ರ ತಲುಪಿದರೆ ಮೋಟಾರಿನ ತಿರುಗುವ ಬಲ ನೂರಕ್ಕೆ ಅರುವತ್ತರಷ್ಟಕ್ಕೆ ಇಳಿದು, ಅದು ಗುಂಯ್ಗುಟ್ಟುತ್ತ ನಿಂತು ಸುಟ್ಟೀತು. 2.5 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ ಸುಮಾರು 20 ವೋಲ್ಟ್ ಮಾತ್ರ. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಹಗಲಿನಲ್ಲೇ ಕೆಲಸ ಮುಗಿಸುವುದು ಒಳ್ಳೆಯದು.

ದೀಪದ ಪ್ಲಗ್ಗಿಗೆ ಇದನ್ನು ಜೋಡಿಸಬೇಡಿ. 16 ಆಂಪಿಯರಿನ ಮೂರು ಪಿನ್ನಿನ ಸಾಕೆಟ್, ಪ್ರತ್ಯೇಕ ಎಂ.ಸಿ.ಬಿ., ಸರಿಯಾದ ಅರ್ತಿಂಗ್, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲಿ. 3 ಅಶ್ವಶಕ್ತಿಯ ಮೋಟಾರಾದರೆ ಈ ಸಾಕೆಟ್ಟೂ ಸಾಲದು. ಮನೆಗೆ ಮಂಜೂರಾದ ವಿದ್ಯುತ್ ಭಾರ ಎಷ್ಟೆಂದು ಮೆಸ್ಕಾಂ ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ. ತೋಟದ ಪಂಪ್‌ಸೆಟ್ಟಿನ ಸಂಪರ್ಕ ನೀರೆತ್ತುವುದಕ್ಕೆಂದೇ ಕೊಟ್ಟದ್ದು. ಅದರಿಂದ ಸೌದೆ ಸೀಳಿದರೆ ದಂಡಕ್ಕೆ ದಾರಿ.

ಒದ್ದೆ ಅಂಗಳದಲ್ಲಿ ಯಂತ್ರ ನಡೆಸಲೇಬಾರದು. ಮಕ್ಕಳನ್ನು ದೂರವಿಡಿ. ಕೊರಡು ಸಿಕ್ಕಿಕೊಂಡರೆ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ.

ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿದು ತಂತಿಯಲ್ಲಿ ನೂರು ಉಳಿಸುವವರಿದ್ದಾರೆ. ಆ ಉಳಿತಾಯ ಮೋಟಾರನ್ನು ಸುಡಬಹುದು, ಮನೆಯವರ ಜೀವಕ್ಕೂ ಎರವಾಗಬಹುದು. ತಂತಿ ಸರಿಯಾದ ಮೇಲೆ ಯಂತ್ರ ತನ್ನಿ.