ಪೆಡಲಿನ ಇಬ್ಬರು ಸಾಕ್ಷಿಗಳು

ಕಳೆದ ಮಳೆಗಾಲದಲ್ಲಿ ದೆಹಲಿಯ ರಿಂಗ್ ರಸ್ತೆಯ ನಡುವೆ ನಮ್ಮ ಕಾರು ಇದ್ದಕ್ಕಿದ್ದಂತೆ ಬಲಗುಂದಿತು. ಹಿಂದೆ ಬಸ್ಸು, ಲಾರಿಗಳ ಸಾಲು. ಆಕ್ಸಿಲರೇಟರ್ ಪೆಡಲನ್ನು ಎಷ್ಟು ಒತ್ತಿದರೂ ಅದು ಎತ್ತಿನ ಬಂಡಿಯಂತೆ ತೆವಳಿತು. ಅದು ನಮ್ಮನ್ನು ಕಾಯುವ ಏರ್ಪಾಡೆಂಬುದು ಆಗ ನಮಗೆ ಹೊಳೆಯಲಿಲ್ಲ.

ಹಳೆಯ ಕಾರುಗಳಲ್ಲಿ ಪೆಡಲಿನಿಂದ ಎಂಜಿನ್ನಿಗೆ ಉಕ್ಕಿನ ಕೇಬಲ್ಲೊಂದು ಹೋಗುತ್ತಿದ್ದಿತು. ಈಗ ಪೆಡಲಿನ ಬುಡದಲ್ಲಿರುವ ಸೆನ್ಸರುಗಳು, ಕಾಲು ಎಷ್ಟು ಒತ್ತಿದೆಯೆಂಬುದನ್ನು ವೋಲ್ಟೇಜಿನ ಮೂಲಕ ಕಂಪ್ಯೂಟರಿಗೆ ತಿಳಿಸುತ್ತವೆ. ಸೆನ್ಸರು ಒಂದಲ್ಲ, ಎರಡು. ಅನೇಕ ಕಾರುಗಳಲ್ಲಿ ಒಂದರ ವೋಲ್ಟೇಜು ಇನ್ನೊಂದರ ಅರ್ಧದಷ್ಟು. ಒಬ್ಬ ಸಾಕ್ಷಿಯ ಸುಳ್ಳನ್ನು ನಂಬಿ ಕಾರು ತಾನಾಗಿ ಮುನ್ನುಗ್ಗಬಾರದಷ್ಟೆ! ಇಬ್ಬರ ಮಾತು ಹೊಂದದಿದ್ದರೆ ಕಂಪ್ಯೂಟರು ಎಂಜಿನ್ನಿನ ಬಲವನ್ನು ತಗ್ಗಿಸಿ, ಪಿ 2138 ಮುಂತಾದ ದೋಷಸಂಖ್ಯೆಯನ್ನು ದಾಖಲಿಸುತ್ತದೆ.

ಸಂಖ್ಯೆಯನ್ನು ಕಂಡೊಡನೆ ಪೆಡಲನ್ನೇ ಬದಲಿಸುವುದು ದುಡುಕು. ನಾವು ಹಾಗೆಯೇ ಮಾಡಿ ಹಣ ಕಳೆದುಕೊಂಡೆವು. ಮೊದಲು ಕನೆಕ್ಟರನ್ನು ಬಿಚ್ಚಿ, ನೀರು ಅಥವಾ ಹಸಿರು ಕಿಲುಬು ಇದೆಯೇ ಎಂದು ನೋಡಬೇಕು. ಬಳಿಕ ಮಲ್ಟಿಮೀಟರಿನಿಂದ, ಸೆನ್ಸರಿಗೆ 5 ವೋಲ್ಟ್ ಬರುತ್ತಿದೆಯೇ, ಅರ್ತ್ ಸರಿಯಾಗಿದೆಯೇ ಎಂದು ಅಳೆಯಬೇಕು. ಕಡೆಗೆ ಪೆಡಲನ್ನು ಮೆಲ್ಲಮೆಲ್ಲನೆ ಒತ್ತುತ್ತ ಎರಡು ವೋಲ್ಟೇಜುಗಳನ್ನೂ ಗಮನಿಸಬೇಕು. ನಡುವೆ ಒಂದು ಮುಗ್ಗರಿಸಿದರೆ ಸೆನ್ಸರೇ ಸವೆದಿರುವ ಸಂಭವ ಹೆಚ್ಚು.

ನಮ್ಮ ಕಾರಿನಲ್ಲಿ ಕಿಲುಬು ಹಿಡಿದಿದ್ದುದು ಒಂದೇ ಒಂದು ಪಿನ್ನಿಗೆ.