ಮನೆ ನಮ್ಮದು, ನೆಲ ಅವರದು

ಇಂಗ್ಲೆಂಡಿನ ಪೂರ್ವ ಕರಾವಳಿಯ ಲಿಂಕನ್‌ಶೈರ್‌ನಲ್ಲಿ ಸ್ಕೆಗ್ನೆಸ್ ಎಂಬ ಪಟ್ಟಣವಿದೆ. ಅಲ್ಲಿಂದ ಉತ್ತರಕ್ಕೆ ಇಂಗೋಲ್ಡ್‌ಮೆಲ್ಸ್ ಕಡೆಗೆ ಸಮುದ್ರದ ಗುಂಟ ಹೋದರೆ ಸಾಲುಸಾಲಾಗಿ ನಿಂತ ಉದ್ದನೆಯ ಪೆಟ್ಟಿಗೆಯಾಕಾರದ ಮನೆಗಳು ಕಾಣುತ್ತವೆ. ಇವು ರಜಾ ಕ್ಯಾರವಾನ್‌ಗಳು. ಕ್ಯಾರವಾನ್ ಎಂದರೆ ನಮ್ಮ ಕಣ್ಣಿಗೆ ಬರುವುದು ಕಾರಿನ ಹಿಂದೆ ಎಳೆದುಕೊಂಡು ಹೋಗುವ ಬಂಡಿ. ಬ್ರಿಟನ್ನಿನ ಪಾರ್ಕುಗಳಲ್ಲಿರುವ ‘ಸ್ಟ್ಯಾಟಿಕ್’ ಕ್ಯಾರವಾನ್ ಹಾಗಲ್ಲ. ಅದರಡಿಯಲ್ಲಿ ಹೆಸರಿಗೆ ಚಕ್ರಗಳಿರುತ್ತವೆ, ಆದರೆ ಲಾರಿಯಲ್ಲಿ ತಂದು ಇಳಿಸಿದ ಮೇಲೆ ಅದು ವರ್ಷಾನುಗಟ್ಟಲೆ ಅಲ್ಲೇ ಇರುತ್ತದೆ. ಇಂಗ್ಲೆಂಡಿನ ಕಾನೂನಿನ ಪ್ರಕಾರ 20 ಮೀಟರ್ ಉದ್ದ, 6.8 ಮೀಟರ್ ಅಗಲದವರೆಗಿನ ಮನೆಯೂ ಕ್ಯಾರವಾನೇ. ಒಳಗೆ ಅಡುಗೆಮನೆ, ಎರಡು ಮೂರು ಮಲಗುವ ಕೋಣೆ, ಬಚ್ಚಲು ಎಲ್ಲ ಇರುತ್ತವೆ. ಇವನ್ನು ಕೊಳ್ಳುವವರೆಲ್ಲ ಸಿರಿವಂತರಲ್ಲ. ನಾಟಿಂಗ್‌ಹ್ಯಾಮ್, ಲೆಸ್ಟರ್, ಡಾರ್ಬಿಯಂಥ ಕೈಗಾರಿಕಾ ಊರುಗಳ ದುಡಿಯುವ ಕುಟುಂಬಗಳಿಗೆ ಸ್ಕೆಗ್ನೆಸ್ ತಲೆಮಾರುಗಳಿಂದ ರಜೆಯ ಊರು. ನಿವೃತ್ತಿಯ ಹಣದಲ್ಲೋ ಸಾಲ ಮಾಡಿಯೋ ಕೊಂಡ ಕ್ಯಾರವಾನ್ ಅವರಲ್ಲಿ ಹಲವರಿಗೆ ಮನೆಯ ನಂತರದ ಅತಿ ದೊಡ್ಡ ಖರೀದಿ. ಇಂಥ ಪಾರ್ಕುಗಳಲ್ಲಿ ಕ್ಯಾರವಾನ್ ಮಾಲೀಕರು ಸೇರಿ ಸಂಘ ಕಟ್ಟಬೇಕೇ, ಕಟ್ಟಿದರೆ ಅದಕ್ಕೆ ಏನು ಬೆಲೆ ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ಮತ್ತೆ ಮತ್ತೆ ಏಳುತ್ತದೆ. ಕಟ್ಟಲೇಬೇಕು ಎಂಬುದು ನನ್ನ ನಿಲುವು. ಅದಕ್ಕೆ ಕಾನೂನಿನ ಆಸರೆ ಕಡಿಮೆ ಎಂಬ ಕಾರಣಕ್ಕೇ ಅದನ್ನು ಅಚ್ಚುಕಟ್ಟಾಗಿ ಕಟ್ಟಬೇಕು.

ತೊಡಕಿನ ಬೇರು ಇರುವುದು ಒಡೆತನ ಎರಡಾಗಿ ಹರಿದುಹೋಗಿರುವಲ್ಲಿ. ಕ್ಯಾರವಾನ್ ಕೊಂಡವರದು, ನೆಲ ಪಾರ್ಕಿನವರದು. ನಿಂತ ಜಾಗಕ್ಕೆ ವರ್ಷಕ್ಕೆ ಕೆಲವು ಸಾವಿರ ಪೌಂಡ್ ‘ಪಿಚ್ ಫೀ’, ಅಂದರೆ ನೆಲಬಾಡಿಗೆ ಕಟ್ಟಬೇಕು. ಎಷ್ಟು ವರ್ಷ ಅಲ್ಲಿ ಇರಬಹುದು ಎಂಬುದು ಪರವಾನಗಿ ಕರಾರಿನಲ್ಲಿ ಬರೆದಿರುತ್ತದೆ. ಅವಧಿ ಮುಗಿದರೆ ಕ್ಯಾರವಾನ್ ತೆಗೆಯಬೇಕು. ಮಾರಬೇಕೆಂದರೆ ಕೊಳ್ಳುವವರನ್ನು ಪಾರ್ಕಿನವರು ಒಪ್ಪಬೇಕು, ಮಾರಾಟದ ಬೆಲೆಯಲ್ಲಿ ಅವರಿಗೆ ಕಮಿಷನ್ ಹೋಗಬೇಕು. ಒಂದು ವರ್ಷದ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಸಾಕು: ನೆಲಬಾಡಿಗೆ, ಪಾರ್ಕಿಗೆ ಬರುವ ಸ್ಥಳೀಯ ತೆರಿಗೆಯಲ್ಲಿ ಒಂದು ಪಾಲು, ನೀರು, ಪಾರ್ಕಿನ ಮೀಟರಿನ ಮೂಲಕವೇ ಬರುವ ವಿದ್ಯುತ್ತು, ಪಾರ್ಕಿನಲ್ಲೇ ಕೊಳ್ಳಬೇಕಾದ ಗ್ಯಾಸ್ ಸಿಲಿಂಡರು, ವಿಮೆ, ಚಳಿಗಾಲಕ್ಕೆ ಮುಂಚೆ ಪೈಪುಗಳು ಹೆಪ್ಪುಗಟ್ಟಿ ಒಡೆಯದಂತೆ ನೀರು ಬಸಿದುಕೊಡುವ ಶುಲ್ಕ. ಇವುಗಳಲ್ಲಿ ಬಹುಪಾಲಿನ ದರ ನಿಗದಿ ಮಾಡುವವರು ಒಬ್ಬರೇ. ಬೇಡವೆಂದು ಕ್ಯಾರವಾನನ್ನು ಬೇರೆ ಕಡೆ ಸಾಗಿಸೋಣವೆಂದರೆ ಕ್ರೇನು, ಲಾರಿಯ ಖರ್ಚಿನ ಜೊತೆಗೆ ಅದರ ಬೆಲೆಯೇ ಕುಸಿಯುತ್ತದೆ, ಏಕೆಂದರೆ ಕೊಳ್ಳುವವರು ಹಣ ಕೊಡುವುದು ತಗಡು ಮರಕ್ಕಷ್ಟೇ ಅಲ್ಲ, ಸಮುದ್ರದ ಪಕ್ಕದ ಆ ಜಾಗಕ್ಕೂ ಹೌದು. ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ ಜೀವಮಾನವಿಡೀ ವಿವರಿಸಿದ್ದು ಇಂಥದೇ ಪರಿಸ್ಥಿತಿಯನ್ನು. ಹಣ ಹೂಡುವ ಮೊದಲು ಗ್ರಾಹಕನಿಗೆ ಹತ್ತು ದಾರಿಗಳಿರುತ್ತವೆ. ಒಂದು ಕಡೆಗೆ ಮಾತ್ರ ಒಗ್ಗುವ ವಸ್ತುವಿನಲ್ಲಿ ಹಣ ಹೂಡಿದ ಮರುದಿನದಿಂದ ಅವನು ಕಟ್ಟುಬಿದ್ದವನು.

ಬ್ರಿಟನ್ನಿನ ಕಾನೂನಿಗೆ ಈ ಸಂಕಟ ತಿಳಿಯದೇ ಇಲ್ಲ. ಆದರೆ ಅದು ಕೈಹಿಡಿದದ್ದು ಇನ್ನೊಂದು ಗುಂಪನ್ನು. ವರ್ಷವಿಡೀ ಕ್ಯಾರವಾನಿನಲ್ಲೇ ವಾಸಿಸುವವರಿಗೆ 1983ರ ಮೊಬೈಲ್ ಹೋಮ್ಸ್ ಕಾಯ್ದೆಯ ರಕ್ಷಣೆಯಿದೆ. ಇಂಗ್ಲೆಂಡಿನಲ್ಲಿ ಅವರ ನೆಲಬಾಡಿಗೆಯ ಏರಿಕೆಗೆ ಬೆಲೆ ಸೂಚ್ಯಂಕವೇ ಅಳತೆಗೋಲು; 2023ರ ತಿದ್ದುಪಡಿಯಿಂದ ಅದು ಗ್ರಾಹಕ ಬೆಲೆ ಸೂಚ್ಯಂಕ. ಮಾರಾಟದ ಕಮಿಷನ್ ಶೇಕಡಾ 10 ಮೀರುವಂತಿಲ್ಲ. ಅಲ್ಲಿನ ನಿವಾಸಿಗಳ ಸಂಘಕ್ಕೂ ಕಾನೂನಿನಲ್ಲಿ ಸ್ಥಾನವಿದೆ. ಪಾರ್ಕಿನ ಕನಿಷ್ಠ ಅರ್ಧದಷ್ಟು ನಿವಾಸಿಗಳು ಸದಸ್ಯರಾಗಿ, ಪಾರ್ಕಿನ ಒಡೆಯರು, ಅವರ ಏಜೆಂಟರು, ನೌಕರರು ಹೊರಗಿದ್ದು, ಚುನಾಯಿತ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇದ್ದು, ಒಂದು ಮನೆಗೆ ಒಂದೇ ಮತ ಎಂಬ ನಿಯಮವಿದ್ದರೆ ಆ ಸಂಘ ಮಾನ್ಯತೆಗೆ ಅರ್ಹ. ಪಾರ್ಕಿನ ನಿರ್ವಹಣೆಯ ವಿಷಯಗಳಲ್ಲಿ ಅದರ ಅಭಿಪ್ರಾಯ ಕೇಳುವುದು ಒಡೆಯರ ಕರ್ತವ್ಯ. ರಜೆಗೆ ಮಾತ್ರ ಬಂದುಹೋಗುವ ಕ್ಯಾರವಾನ್ ಮಾಲೀಕರಿಗೆ ಈ ಕಾಯ್ದೆಯ ಒಂದು ಸಾಲೂ ಅನ್ವಯಿಸುವುದಿಲ್ಲ. ಅವರಿಗಿರುವುದು ತಮ್ಮ ಕರಾರು, ಎಲ್ಲ ಗ್ರಾಹಕರಿಗೂ ಇರುವ 2015ರ ಗ್ರಾಹಕ ಹಕ್ಕುಗಳ ಕಾಯ್ದೆ, ಉದ್ಯಮದ ಸಂಘಗಳೇ ಸಿದ್ಧಪಡಿಸಿದ ಮಾದರಿ ಕರಾರು. ಅದೇ ದೇಶದ ಭಾಗವಾದ ಉತ್ತರ ಐರ್ಲೆಂಡಿನಲ್ಲಿ 2011ರ ಕ್ಯಾರವಾನ್ ಕಾಯ್ದೆ ರಜಾ ಪಾರ್ಕುಗಳನ್ನೂ ಒಳಗೊಂಡು ಲಿಖಿತ ಕರಾರನ್ನು ಕಡ್ಡಾಯ ಮಾಡಿತು. ಒಂದು ಕಡೆ ಸಾಧ್ಯವಾದದ್ದು ಇನ್ನೊಂದು ಕಡೆ ಏಕಾಗಬಾರದು ಎಂಬುದಕ್ಕೆ ನನಗಂತೂ ಒಪ್ಪುವ ಕಾರಣ ಕಾಣುವುದಿಲ್ಲ.

ಹಾಗಾದರೆ ಮಾನ್ಯತೆಯೇ ಸಿಗದ ಸಂಘದಿಂದ ಏನು ಲಾಭ? ಇಲ್ಲಿ ಗ್ರಾಹಕ ಕಾನೂನು ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. 2015ರ ಕಾಯ್ದೆಯ ಪ್ರಕಾರ ಅನ್ಯಾಯದ ಷರತ್ತು ಗ್ರಾಹಕನನ್ನು ಕಟ್ಟಿಹಾಕುವುದಿಲ್ಲ. ಎರಡರ್ಥ ಬರುವ ಷರತ್ತನ್ನು ಗ್ರಾಹಕನಿಗೆ ಅನುಕೂಲವಾಗುವಂತೆಯೇ ಓದಬೇಕು. ಕರಾರಿಗೆ ಸಹಿ ಮಾಡಿದ್ದಾಯಿತಲ್ಲ ಎಂಬ ಮಾತು ಅಲ್ಲಿಗೆ ಮುಗಿಯುವುದಿಲ್ಲ ಎಂದಾಯಿತು. ಆಗಿನ ನ್ಯಾಯಯುತ ವ್ಯಾಪಾರ ಕಚೇರಿ 2005ರಲ್ಲೇ ರಜಾ ಕ್ಯಾರವಾನ್ ಕರಾರುಗಳಲ್ಲಿ ಯಾವ ಬಗೆಯ ಷರತ್ತುಗಳು ಅನ್ಯಾಯವಾಗಬಹುದು ಎಂದು ವಿವರವಾದ ಮಾರ್ಗದರ್ಶಿ ಹೊರಡಿಸಿತ್ತು. ಅದರ ಜಾಗಕ್ಕೆ ಬಂದ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರಕ್ಕೆ 2025ರ ಏಪ್ರಿಲ್‌ನಿಂದ ಗ್ರಾಹಕ ಕಾನೂನು ಮುರಿದ ಕಂಪನಿಗೆ ನ್ಯಾಯಾಲಯಕ್ಕೆ ಹೋಗದೆ ತಾನೇ ದಂಡ ಹಾಕುವ ಅಧಿಕಾರ ಬಂದಿದೆ. ದಂಡ ಕಂಪನಿಯ ಜಾಗತಿಕ ವಹಿವಾಟಿನ ಶೇಕಡಾ 10ರವರೆಗೂ ಹೋಗಬಹುದು. ಆದರೆ ಇಂಥ ಪ್ರಾಧಿಕಾರ ಒಬ್ಬೊಬ್ಬರ ಜಗಳ ಬಿಡಿಸಲು ಕೂರುವುದಿಲ್ಲ. ಅದು ನೋಡುವುದು ಒಂದೇ ತಪ್ಪು ಹಲವರ ಮೇಲೆ ಮತ್ತೆ ಮತ್ತೆ ನಡೆದಿದೆಯೇ ಎಂಬುದನ್ನು. ಒಬ್ಬರ ದೂರು ಅವರೊಬ್ಬರ ಅಸಮಾಧಾನವಾಗಿ ಉಳಿಯುತ್ತದೆ. ಅದೇ ದೂರನ್ನು ಅರವತ್ತು ಜನ ತಾರೀಖು, ಪತ್ರ, ಬಿಲ್ಲುಗಳ ಸಮೇತ ಒಂದೇ ಕಡತದಲ್ಲಿಟ್ಟರೆ ಅದು ಸಾಕ್ಷ್ಯ. ಈ ಕಡತ ಕಟ್ಟುವ ಕೆಲಸ ಸಂಘದ್ದು, ಘೋಷಣೆ ಕೂಗುವುದು ಆಮೇಲಿನ ಮಾತು.

ವಿದ್ಯುತ್ತಿನ ಉದಾಹರಣೆ ನೋಡಿ. ಗೃಹಬಳಕೆಗೆ ವಿದ್ಯುತ್ ಮರುಮಾರಾಟ ಮಾಡುವವರು ತಾವು ಯೂನಿಟ್ಟಿಗೆ ಕೊಟ್ಟ ಬೆಲೆಗಿಂತ ಹೆಚ್ಚು ವಸೂಲು ಮಾಡಬಾರದು ಎಂಬುದು ಅಲ್ಲಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ನಿಯಮ. ಒಬ್ಬ ಮಾಲೀಕ ಕಚೇರಿಯ ಕಿಟಕಿಯ ಮುಂದೆ ನಿಂತು ದರ ಹೆಚ್ಚಾಯಿತಲ್ಲ ಎಂದರೆ ಎಲ್ಲ ಕಡೆ ಹೆಚ್ಚಾಗಿದೆ ಎಂಬ ಉತ್ತರ ಸಿಗುತ್ತದೆ. ಸಂಘವಾದರೆ ಒಂದೇ ಸಾಲಿನ ಹತ್ತು ಕ್ಯಾರವಾನ್‌ಗಳ ಮೀಟರ್ ಅಂಕಿಗಳನ್ನು ಒಂದೇ ದಿನ ಬರೆದುಕೊಂಡು, ಹಿಂದಿನ ಬಿಲ್ಲುಗಳ ಪಕ್ಕದಲ್ಲಿಟ್ಟು, ಪಾರ್ಕಿಗೆ ಯಾವ ದರದಲ್ಲಿ ವಿದ್ಯುತ್ ಬರುತ್ತಿದೆ, ಅದನ್ನು ಹೇಗೆ ಹಂಚಿದ್ದೀರಿ ಎಂದು ಲಿಖಿತವಾಗಿ ಕೇಳಬಹುದು. ಪಾರ್ಕಿನವರ ಲೆಕ್ಕ ಸರಿಯೇ ಇರಬಹುದು. ಹಾಗಿದ್ದರೆ ಅನುಮಾನ ಕಳೆದು ಎಲ್ಲರೂ ನೆಮ್ಮದಿಯಿಂದ ಹಣ ಕಟ್ಟುತ್ತಾರೆ. ಸರಿಯಿಲ್ಲದಿದ್ದರೆ ಆ ಹತ್ತು ಸಾಲಿನ ಪಟ್ಟಿಯನ್ನು ತಳ್ಳಿಹಾಕುವುದು ಕಷ್ಟ.

ರಜಾ ಕ್ಯಾರವಾನ್‌ನವರು ತಮಗೆ ಅನ್ವಯಿಸದ ಆ 1983ರ ಕಾಯ್ದೆಯ ಸಂಘದ ನಿಯಮಗಳನ್ನೇ ತಾವಾಗಿ ತಮ್ಮ ಬೈಲಾದಲ್ಲಿ ಬರೆದುಕೊಳ್ಳಬೇಕು ಎನ್ನುವುದು ಈ ಕಾರಣಕ್ಕೆ. ಅರ್ಧಕ್ಕಿಂತ ಹೆಚ್ಚು ಮಾಲೀಕರು ಸೇರಿದ್ದಾರೆ, ಪಾರ್ಕಿನ ಸಂಬಳದವರು ಯಾರೂ ಇಲ್ಲ, ಒಂದು ಕ್ಯಾರವಾನಿಗೆ ಒಂದು ಮತ, ತೀರ್ಮಾನಗಳೆಲ್ಲ ನಡಾವಳಿ ಪುಸ್ತಕದಲ್ಲಿವೆ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಬೇಕು ಎಂದು ತೋರಿಸಬಲ್ಲ ಸಂಘವನ್ನು ನಾಲ್ಕು ಜನ ತಕರಾರಿನವರ ಗುಂಪು ಎಂದು ಕರೆಯಲಾಗದು. ಪ್ರಯಾಸದ ಕೆಲಸ ಸದಸ್ಯರ ಪಟ್ಟಿ. ಮಾಹಿತಿ ರಕ್ಷಣೆಯ ಕಾನೂನಿರುವುದರಿಂದ ಪಾರ್ಕಿನವರು ಮಾಲೀಕರ ವಿಳಾಸ ಕೊಡಲಾರರು. ಅಕ್ಕಪಕ್ಕದವರ ಪರಿಚಯವೇ ಇರುವುದಿಲ್ಲ, ಒಬ್ಬರು ಈ ಶನಿವಾರ ಬಂದರೆ ಇನ್ನೊಬ್ಬರು ಬರುವುದು ಮುಂದಿನ ತಿಂಗಳು. ಚಳಿಗಾಲದಲ್ಲಿ ಬಹಳಷ್ಟು ಪಾರ್ಕುಗಳ ಬಾಗಿಲೇ ಮುಚ್ಚಿರುತ್ತದೆ. ಆದ್ದರಿಂದ ಸಾಲಿಗೊಬ್ಬರಂತೆ ಹೊಣೆ ಹೊತ್ತು, ಬಾಗಿಲು ತಟ್ಟಿ, ಒಪ್ಪಿಗೆ ಪಡೆದು ಹೆಸರು, ಪಿಚ್ ಸಂಖ್ಯೆ, ದೂರವಾಣಿ ಬರೆದುಕೊಳ್ಳುವುದೊಂದೇ ದಾರಿ. ಇದು ನಿಧಾನದ ಕೆಲಸ, ಆದರೆ ಇದನ್ನು ಬಿಟ್ಟು ನೇರವಾಗಿ ಜಗಳಕ್ಕಿಳಿದ ಸಂಘ ಯಾರ ಪರವಾಗಿ ಮಾತಾಡುತ್ತಿದೆ ಎಂಬ ಮೊದಲ ಪ್ರಶ್ನೆಗೇ ತಡವರಿಸುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಭಯದ್ದು. ತಲೆಯೆತ್ತಿದವರ ಪರವಾನಗಿಯನ್ನು ಪಾರ್ಕಿನವರು ರದ್ದು ಮಾಡಿದರೆ, ಅವಧಿ ಮುಗಿದಾಗ ಹೊಸ ಕರಾರು ಕೊಡದಿದ್ದರೆ ಗತಿಯೇನು? ಈ ಭಯಕ್ಕೆ ಆಧಾರವಿದೆ. ಅವಧಿ ಮುಗಿದ ಮೇಲೆ ಉಳಿಸಿಕೊಳ್ಳಲೇಬೇಕೆಂಬ ಕಾನೂನು ರಜಾ ಪಾರ್ಕಿಗಿಲ್ಲ. ಆದರೆ ಈ ಅಪಾಯ ಒಂಟಿಯಾಗಿ ಪತ್ರ ಬರೆಯುವವರಿಗೆ ಹೆಚ್ಚೇ ಹೊರತು ಕಡಿಮೆಯಲ್ಲ. ಅರ್ಧ ಪಾರ್ಕು ಸದಸ್ಯರಾಗುವವರೆಗೆ ಯಾವ ಬೇಡಿಕೆಯನ್ನೂ ಇಡದಿರುವುದು, ಪತ್ರಕ್ಕೆ ಒಬ್ಬರ ಬದಲು ಇಡೀ ಸಮಿತಿ ಸಹಿ ಹಾಕುವುದು, ಪರವಾನಗಿಯಲ್ಲಿ ಇನ್ನೂ ಹಲವು ವರ್ಷ ಉಳಿದಿರುವವರನ್ನು ಪದಾಧಿಕಾರಿಗಳಾಗಿ ಆರಿಸುವುದು, ಬಾಡಿಗೆ ತಡೆಹಿಡಿಯುವ ಆವೇಶಕ್ಕೆ ಹೋಗದಿರುವುದು ಈ ಅಪಾಯವನ್ನು ತಗ್ಗಿಸುತ್ತವೆ. ಬಾಡಿಗೆ ನಿಲ್ಲಿಸಿದರೆ ಕರಾರು ಮುರಿದವರು ನಾವಾಗುತ್ತೇವೆ. ಹಾಗೆಯೇ ಆಧಾರವಿಲ್ಲದೆ ಯಾರನ್ನೂ ಮೋಸಗಾರರು ಎಂದು ಬರೆಯಬಾರದು. ಇಂಗ್ಲೆಂಡಿನ ಮಾನನಷ್ಟ ಕಾನೂನು ಮೃದುವಲ್ಲ. ನೋಂದಾಯಿಸದ ಸಂಘಕ್ಕೆ ಕಾನೂನಿನ ಕಣ್ಣಿನಲ್ಲಿ ಸ್ವಂತ ಅಸ್ತಿತ್ವವೂ ಇಲ್ಲ, ಹಾಗಾಗಿ ಅದರ ಹೆಸರಿನಲ್ಲಿ ಮಾಡಿದ ಸಾಲ, ಹಾಕಿದ ಸಹಿ ಕೊನೆಗೆ ಸಮಿತಿಯವರ ತಲೆಗೇ ಬರಬಹುದು. ವಕೀಲರನ್ನು ಗೊತ್ತುಮಾಡುವಷ್ಟು ಹಣದ ವ್ಯವಹಾರ ಬೆಳೆದರೆ ಖಾತರಿಗೆ ಸೀಮಿತವಾದ, ಅಂದರೆ ಸದಸ್ಯರ ಹೊಣೆ ಅವರು ಒಪ್ಪಿದ ಮೊತ್ತವನ್ನು ಮೀರದ ಕಂಪನಿಯಾಗಿ ನೋಂದಾಯಿಸುವುದು ಲೇಸು.

ಇಷ್ಟವಿಲ್ಲದಿದ್ದರೆ ಮಾರಿ ಹೋಗಲಿ, ಇದು ಮುಕ್ತ ಮಾರುಕಟ್ಟೆ ಎನ್ನುವವರಿದ್ದಾರೆ. ಹೋಗುವ ದಾರಿಗೇ ಪಾರ್ಕಿನವರ ಒಪ್ಪಿಗೆ, ಕಮಿಷನ್ ಬೇಕಿರುವಾಗ ಆ ಮಾತಿಗೆ ಹುರುಳಿಲ್ಲ. ಪಾರ್ಕಿನವರಿಗೂ ಖರ್ಚು ಏರಿದೆ ಎಂಬ ವಾದದಲ್ಲಿ ಮಾತ್ರ ಸತ್ಯವಿದೆ. ಕೂಲಿ, ಇಂಧನ, ರಸ್ತೆ, ಚರಂಡಿ ಎಲ್ಲಕ್ಕೂ ಹಣ ಬೇಕು. ಆದರೆ ಆ ಲೆಕ್ಕವನ್ನು ಮುನ್ನೂರು ಜನರಿಗೆ ಮುನ್ನೂರು ಸಲ ಹೇಳುವುದಕ್ಕಿಂತ ಒಂದು ಸಮಿತಿಯ ಮುಂದೆ ಒಮ್ಮೆ ಬಿಡಿಸಿಡುವುದು ಅವರಿಗೂ ಸುಲಭ. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದಿಂದ ಪಾರ್ಕುಗಳು ಮುಚ್ಚಿ, ಇಂಗ್ಲೆಂಡಿನಲ್ಲಿ ಜುಲೈ 4ರವರೆಗೆ ತೆರೆಯದಿದ್ದಾಗ, ಬಳಸದ ತಿಂಗಳುಗಳ ಬಾಡಿಗೆಯ ಗತಿಯೇನೆಂಬ ಪ್ರಶ್ನೆ ಎದ್ದಿತು. ಆಗ ಇಬ್ಬರಿಗೂ ಬೇಕಾಗಿದ್ದದ್ದು ಕೂತು ಮಾತಾಡಬಲ್ಲ, ಸದಸ್ಯರ ಮಾತಿಗೆ ಹೊಣೆಯಾಗಬಲ್ಲ ಒಂದು ಪಕ್ಷ. ಇನ್ನು ಪಾರ್ಕಿನ ಒಡೆಯರು ತಾವೇ ಸಂಘಟಿತರು. 1939ರಷ್ಟು ಹಳೆಯದಾದ ರಾಷ್ಟ್ರೀಯ ಕ್ಯಾರವಾನ್ ಮಂಡಳಿಯೂ ಬ್ರಿಟಿಷ್ ಹಾಲಿಡೇ ಅಂಡ್ ಹೋಮ್ ಪಾರ್ಕ್ಸ್ ಸಂಘವೂ ಉದ್ಯಮದ ಪರವಾಗಿ ಸರ್ಕಾರದೊಂದಿಗೆ ಮಾತಾಡುತ್ತವೆ. 2012ರ ಬಜೆಟ್ಟಿನಲ್ಲಿ ಸ್ಟ್ಯಾಟಿಕ್ ಕ್ಯಾರವಾನ್‌ಗಳ ಮೇಲೆ ಶೇಕಡಾ 20 ವ್ಯಾಟ್ ಹಾಕಲು ಹೊರಟ ಸರ್ಕಾರ ಜೋರು ವಿರೋಧ ಬಂದ ಮೇಲೆ ಶೇಕಡಾ 5ಕ್ಕೆ ಇಳಿಸಿತು. ಒಗ್ಗಟ್ಟಿನ ಫಲವನ್ನು ಕಂಡವರು ಗ್ರಾಹಕರ ಒಗ್ಗಟ್ಟನ್ನು ತಪ್ಪೆನ್ನುವುದು ನ್ಯಾಯವಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳನ್ನು ಬಲ್ಲವರಿಗೆ ಇನ್ನೊಂದು ಅನುಮಾನ ಬರಬಹುದು: ನಾಲ್ಕು ಜನ ದುಡಿಯುತ್ತಾರೆ, ಉಳಿದವರು ವಂತಿಗೆಯನ್ನೂ ಕೊಡದೆ ಲಾಭ ಪಡೆಯುತ್ತಾರೆ. ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲಿ ಬರೆದ ಪುಸ್ತಕದ ತಿರುಳೂ ಇದೇ. ನಮ್ಮಲ್ಲಿ 2016ರ ರೇರಾ ಕಾಯ್ದೆ ಸಂಘ ರಚನೆಗೆ ಅನುವು ಮಾಡಿಕೊಡುವ ಹೊಣೆಯನ್ನು ಬಿಲ್ಡರನ ಮೇಲೇ ಹೊರಿಸಿದೆ; ಸ್ಕೆಗ್ನೆಸ್‌ನ ಕ್ಯಾರವಾನ್ ಮಾಲೀಕರಿಗೆ ಆ ಬಲವೂ ಇಲ್ಲ. ಆದರೂ ಓಲ್ಸನ್ ಕೊನೆಯ ಮಾತಲ್ಲ. ವಿಲಿಯಮ್ಸನ್ ಜೊತೆ 2009ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಎಲಿನಾರ್ ಆಸ್ಟ್ರಮ್ ನೀರಾವರಿ ಕಾಲುವೆ, ಮೀನುಗಾರಿಕೆ, ಹುಲ್ಲುಗಾವಲು ಹಂಚಿಕೊಂಡ ಜನರನ್ನು ಅಧ್ಯಯನ ಮಾಡಿ, ಸದಸ್ಯರು ಯಾರೆಂಬುದು ಸ್ಪಷ್ಟವಾಗಿರುವ, ನಿಯಮ ಮಾಡುವುದರಲ್ಲಿ ಅವರಿಗೇ ಪಾಲಿರುವ, ಲೆಕ್ಕ ಎಲ್ಲರ ಕಣ್ಣಿಗೆ ಬೀಳುವ ಸಂಸ್ಥೆಗಳು ದಶಕಗಟ್ಟಲೆ ಬಾಳಿದ್ದನ್ನು ತೋರಿಸಿದರು. ಸದಸ್ಯರ ಪಟ್ಟಿ, ಬೈಲಾ, ನಡಾವಳಿ, ಇಬ್ಬರ ಸಹಿ ಎಂದು ಮೇಲೆ ಹೇಳಿದ್ದು ಅವೇ ಗುಣಗಳನ್ನು. ಅಮೆರಿಕದಲ್ಲಿ ಇಂಥ ಪಾರ್ಕುಗಳ ನಿವಾಸಿಗಳ ಕೂಟಗಳು ಇನ್ನೂ ಮುಂದೆ ಹೋಗಿವೆ. ನ್ಯೂ ಹ್ಯಾಂಪ್‌ಶೈರ್‌ನ ಮೆರೆಡಿತ್‌ನಲ್ಲಿ 1984ರಲ್ಲಿ ಹದಿಮೂರು ಮನೆಗಳ ಚಿಕ್ಕದೊಂದು ಪಾರ್ಕಿನವರು ಸಹಕಾರಿ ಕಟ್ಟಿ, ಸಾಲ ಪಡೆದು ತಮ್ಮ ಕಾಲಡಿಯ ನೆಲವನ್ನೇ ಕೊಂಡುಕೊಂಡರು.

ಸ್ಕೆಗ್ನೆಸ್‌ನಲ್ಲಿ ಸದ್ಯಕ್ಕೆ ಬೇಕಿರುವುದು ಅಷ್ಟು ದೊಡ್ಡ ಹೆಜ್ಜೆಯಲ್ಲ, ಮೊದಲ ಸಭೆ. ಅದಕ್ಕೆ ತಕ್ಕ ದಿನ ಆಗಸ್ಟ್ ಕೊನೆಯ ಸೋಮವಾರದ ಸಾರ್ವಜನಿಕ ರಜೆಯ ವಾರಾಂತ್ಯ. ಮಕ್ಕಳ ಬೇಸಿಗೆ ರಜೆ ಮುಗಿಯುವ ಹೊತ್ತಿನಲ್ಲಿ ಪಾರ್ಕು ತುಂಬಿರುತ್ತದೆ, ಸೀಸನ್ ಮುಗಿಯಲು ಇನ್ನೂ ಕೆಲವು ವಾರಗಳಿರುತ್ತವೆ. ಅಂದು ತಾತ್ಕಾಲಿಕ ಸಮಿತಿ ಆರಿಸಿ, ಸಾಲುವಾರು ಪಟ್ಟಿ ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮ ಪರವಾನಗಿ ಕರಾರಿನ ಒಂದು ಪ್ರತಿಯನ್ನು ಕಾರ್ಯದರ್ಶಿಗೆ ಕೊಟ್ಟರೆ, ಮುಂದಿನ ವರ್ಷದ ನೆಲಬಾಡಿಗೆಯ ಪತ್ರ ಮನೆಗೆ ಬರುವ ಮೊದಲೇ ಆ ಕರಾರುಗಳನ್ನು ಅಕ್ಕಪಕ್ಕ ಇಟ್ಟು ಓದಲು ಸಮಯವಿರುತ್ತದೆ.